ಮುದ್ದೆಯ ಬಿಪಿ

ಆ ಭಾನುವಾರ ಬೆಳಿಗ್ಗೆ ಗಂಗಯ್ಯ ಹೆಂಡತಿಯ ಮೊಬೈಲಿನ ಬೆನ್ನಿಗೆ ಹೆಬ್ಬೆರಳು ಒತ್ತದೇ ಇದ್ದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ವನಜಾಕ್ಷಿ ಹೊಸದಾಗಿ ಹಾಕಿಕೊಂಡಿದ್ದ ಆ್ಯಪ್ ಅದು. ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಾಕು, ಬಿಪಿ ಎಷ್ಟೆಂದು ಹೇಳುತ್ತದಂತೆ.

ಮೊಬೈಲು ಟಿಂಗ್ ಎಂದಿತು. ಪರದೆ ಕೆಂಪಗಾಯಿತು. ನೂರ ಎಂಬತ್ತೆಂಟು!

"ಅಯ್ಯೋ ದೇವ್ರೆ! ಇವತ್ತು ನೀವು ಬಾಡು ಮುಟ್ಟಂಗಿಲ್ಲ" ಎಂದಳು ವನಜಾಕ್ಷಿ.

ಗಂಗಯ್ಯನ ಎದೆ ಧಸಕ್ಕೆಂದಿತು. ಬಿಪಿಗಲ್ಲ, ಬಾಡೂಟ ತಪ್ಪಿತಲ್ಲ ಎಂದು. ಅವತ್ತು ಬರಗೂರಿನಲ್ಲಿ ಬಾಮೈದ ಪ್ರಭುದೇವನ ಮಗಳ ಬೀಗರೂಟ. ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ವಾರವಿಡೀ ಫೈಲುಗಳಲ್ಲೂ ಕುರಿ ಸಾರಿನ ಘಮವೇ ಬಡಿಯುತ್ತಿತ್ತು.

"ಅದ್ಯಾವ್ದೋ ಸುಳ್ಳು ಆ್ಯಪ್ ಇರ್ಬೇಕು ಕಣೇ. ನಂಗೇನಾಗೈತೆ?"

"ಸುಳ್ಳಾಗಿದ್ರೆ ಸ್ಟೋರ್‌ನಾಗೆ ಇಡ್ತಿದ್ರಾ? ಸಂತೇಲಿ ಬದ್ನೆಕಾಯಿ ಮಾರೋಳೇ ಹುಳುಕು ಆರಿಸಿ ಆಚೆಗಾಕ್ತಾಳೆ, ಅಷ್ಟು ದೊಡ್ಡ ಕಂಪ್ನಿಯೋರು ನೋಡ್ದೆ ಇಟ್ಟಿರ್ತಾರಾ? ನಾಕೂವರೆ ಸ್ಟಾರ್ ಬೇರೆ ಐತೆ!"

ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಶಂಕರಲಿಂಗಪ್ಪನ ತಲೆ ಮೂಡಿತು. ಮೊಟ್ಟೆಯನ್ನೂ ಮನೆಯೊಳಕ್ಕೆ ಬಿಡದವನು.

"ನೂರ ಎಂಬತ್ತೆಂಟಾ? ನಮ್ಮ ಷಡ್ಕನೂ ಇಂಗೇ ನಗ್ತಾ ನಗ್ತಾ ಇದ್ರು, ಗಂಗಯ್ಯನೋರೆ..." ಎಂದು ಅರ್ಧಕ್ಕೇ ನಿಲ್ಲಿಸಿ ಆಕಾಶ ನೋಡಿದ. ಆಮೇಲೆ ವನಜಾಕ್ಷಿಯನ್ನು ಹತ್ತಿರ ಕರೆದು ಏನೋ ಪಿಸುಗುಟ್ಟಿದ. ಅವಳು ಕಣ್ಣೊರೆಸಿಕೊಂಡು ದೇವರ ಕೋಣೆಗೆ ಹೋಗಿ ಬಂದಳು.

ಸಿರಾ ಬಸ್ಸು ನಿಂತಲ್ಲೆಲ್ಲ ಅವಳು ಗಂಡನ ಬೆರಳು ಒತ್ತಿಸಿದಳು. ಸಂಖ್ಯೆ ಮಾತ್ರ ಇಳಿಯಲಿಲ್ಲ. "ಪೇಷಂಟವ್ರೆ, ಸೀಟು ಬುಟ್ಕೊಡ್ರಪ್ಪಾ!" ಎಂದು ಕಂಡಕ್ಟರ್ ಕೂಗಿದ. ಊರುಗೋಲಿನ ಅಜ್ಜಿಯೊಬ್ಬಳು ಎದ್ದು ಜಾಗ ಬಿಟ್ಟಳು. ತನ್ನ ತಿಥಿಯ ಊಟಕ್ಕೆ ತಾನೇ ಹೊರಟಂತೆ ಅನ್ನಿಸಿತು ಗಂಗಯ್ಯನಿಗೆ. ಸಿರಾದಲ್ಲಿ ಇಳಿದು ಬರಗೂರಿನ ಬಸ್ಸು ಹತ್ತುವಷ್ಟರಲ್ಲಿ ಅವನಿಗೂ ನಿಜವಾಗಿ ತಲೆ ತಿರುಗತೊಡಗಿತ್ತು.

ಪೆಂಡಾಲಿನಲ್ಲಿ ಪಂಕ್ತಿ ಕೂತಿತ್ತು. ಗಂಗಯ್ಯನ ಎಲೆಗೆ ಮಾತ್ರ ಉಪ್ಪಿಲ್ಲದ ಮುದ್ದೆ, ನೀರು ಮಜ್ಜಿಗೆ. ಬಲಗಡೆ ಕೂತವನು ನಲ್ಲಿ ಮೂಳೆಯನ್ನು ಪೀಪಿಯಂತೆ ಬಾಯಿಗಿಟ್ಟು ಸೊರ್ರೆಂದು ಎಳೆಯುತ್ತಿದ್ದ. ಪ್ರತಿ ಸೊರ್ರಿಗೂ ಗಂಗಯ್ಯನ ಕಣ್ಣಲ್ಲಿ ನೀರು.

"ಉಣ್ಣಕ್ ಮುಂಚೆ ಇನ್ನೊಂದ್ಸಲ ಒತ್ರಿ" ಎಂದು ವನಜಾಕ್ಷಿ ಮೊಬೈಲು ಕೊಟ್ಟಳು. ಮಜ್ಜಿಗೆಗೆ ಆಗಲೇ ಅದ್ದಿದ್ದ ಕೈಯಿಂದ ಅದು ಜಾರಿ, ಬೆನ್ನಡಿಯಾಗಿ, ಬಿಸಿ ಮುದ್ದೆಯ ಮೇಲೆ ಪಚಕ್ಕನೆ ಕೂತಿತು.

ಟಿಂಗ್!

ಪರದೆ ಕೆಂಪಗಾಯಿತು. ನೂರ ತೊಂಬತ್ತಾರು. ಕೂಡಲೇ ವೈದ್ಯರನ್ನು ಕಾಣಿರಿ.

ಪಂಕ್ತಿಗೆ ಪಂಕ್ತಿಯೇ ಬಗ್ಗಿ ನೋಡಿತು.

"ಲೇ, ಮುದ್ದೆನ ಸಿರಾ ಆಸ್ಪತ್ರೆಗೆ ಸಾಗ್ಸ್ರಲಾ!"

"ಉಪ್ಪಿಲ್ದೆ ಕಟ್ಟಿದ್ರೂ ಏರ್ಬುಟ್ಟೈತೆ ಕಣಮ್ಮ ಬಿಪಿ!"

ಬೀಗರ ಕಡೆಯ ಶಿವರಂಜನಿ ನರ್ಸು. ಮಾವನಿಗಾಗಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದ ಬಿಪಿ ಮಿಷನ್ನು ತೆಗೆದು ಗಂಗಯ್ಯನ ತೋಳಿಗೆ ಪಟ್ಟಿ ಸುತ್ತಿದಳು. ಪೆಂಡಾಲಿನಲ್ಲಿ ಮೂಳೆ ಕಡಿಯುವ ಸದ್ದೂ ನಿಂತಿತು.

"ನೂರಿಪ್ಪತ್ತು, ಎಂಬತ್ತು. ಗುಂಡುಕಲ್ಲಂಗೆ ಅವ್ರೆ ನಿಮ್ಮೆಜಮಾನ್ರು. ಬೆರಳು ನೋಡಿ ಬಿಪಿ ಹೇಳೋಕೆ ಮೊಬೈಲಿಗೆ ಬರಲ್ಲ ಅಕ್ಕಾ, ಅದು ಮೋಸದ ಆ್ಯಪು."

ವನಜಾಕ್ಷಿ "ಸದ್ಯ ಕಣಮ್ಮ!" ಎಂದು ಗೊಳೋ ಎಂದು ಅತ್ತಳು. ಗಂಗಯ್ಯನಿಗೆ ತಲೆ ಮೇಲಿನ ಬಂಡೆ ಇಳಿಸಿದಷ್ಟು ಹಗುರವಾಯಿತು. ತಲೆ ತಿರುಗುವುದು ಥಟ್ಟನೆ ನಿಂತು, ಹಸಿವು ಭಗ್ಗೆಂದಿತು.

"ತತ್ತಾರಲಾ ಬಕೀಟು! ಭಾವನಿಗೆ ತೊಡೆ ಪೀಸೇ ಹಾಕ್ತೀನಿ" ಎಂದು ಪ್ರಭುದೇವ ಸೌಟು ತುಂಬಿ ಬಂದ. ಸಾರಿನ ಹೊಗೆ ಗಂಗಯ್ಯನ ಮೂಗಿಗೆ ಮುತ್ತಿಟ್ಟಿತು. ಅಷ್ಟರಲ್ಲಿ ವನಜಾಕ್ಷಿಯ ಎರಡೂ ಕೈ ಅವನ ಎಲೆಯನ್ನು ಮುಚ್ಚಿದವು.

"ಬ್ಯಾಡ ಕಣ್ಲಾ ಪ್ರಭು! ಬೆಳಿಗ್ಗೆ ಶಂಕರಲಿಂಗಪ್ಪನೋರು ಹೇಳ್ಕೊಟ್ರು ಅಂತ ಮನೆದೇವ್ರಿಗೆ ಹರಕೆ ಹೊತ್ಬುಟ್ಟೆ. ಇವ್ರ ಬಿಪಿ ಇಳಿದ್ರೆ ಒಂದೊರ್ಸ ಇವ್ರ ಕೈಲಿ ಬಾಡು ಬುಡಿಸ್ತೀನಿ ಅಂತ."

"ಏರೇ ಇರ್ಲಿಲ್ವಲ್ಲೇ! ಇಳಿಯೋದೆಲ್ಲಿ ಬಂತು?" ಗಂಗಯ್ಯ ಚೀರಿದ.

"ಅದ್ನ ದೇವ್ರ ತಾವ ಹೇಳ್ಕೊಳ್ಳಿ. ಬೆಳಿಗ್ಗೆ ನೂರ ಎಂಬತ್ತೆಂಟಿತ್ತು, ಈಗ ನೂರಿಪ್ಪತ್ತು. ಇಳೀತೋ ಇಲ್ವೋ?"

ಸೌಟು ಪಕ್ಕದ ಎಲೆಗೆ ಸರಿಯಿತು. ಏನಾದರಾಗಲಿ, ಸದ್ಯಕ್ಕಂತೂ ಸಾಯುವುದಿಲ್ಲವಲ್ಲ ಎಂಬ ಸಮಾಧಾನದಲ್ಲಿ ಗಂಗಯ್ಯ ಮುದ್ದೆ ಮುರಿದು ಮಜ್ಜಿಗೆಗೆ ಅದ್ದಿದ.

ವನಜಾಕ್ಷಿ ಮೊಬೈಲಿಗೆ ಮೆತ್ತಿದ ಮುದ್ದೆಯನ್ನು ಸೆರಗಿನಲ್ಲಿ ಒರೆಸಿದಳು. ನಮ್ಮ ಸೇವೆ ಹೇಗಿತ್ತು, ಸ್ಟಾರ್ ಕೊಡಿ ಎಂದು ಆ್ಯಪ್ ಕೇಳುತ್ತಿತ್ತು.

"ಪಾಪ, ಕೊನೆಗೆ ಒಳ್ಳೇದೇ ಆಯ್ತಲ್ಲ" ಎಂದು ಅವಳು ಐದನ್ನೂ ಒತ್ತಿದಳು.