ಮೇಷ್ಟ್ರ ಎದೆಯೊಳಗೆ ಬೇಸ್ ಗಿಟಾರು

ಅಯ್ಯೋ, ಅದಲ್ಲ ಕಣೇ. ನನ್ನ ಮಗ ಮೇಷ್ಟ್ರನ್ನ ಕೊಂದ ಅಂತ ನಾನೆಲ್ಲಿ ಹೇಳ್ದೆ? ಕೊಂದೇಬಿಟ್ಟೆ ಅಂತ ಅವನು ಹೆದರಿದ್ದ ಅಂದೆ. ಆ ದಿಂಬು ಇಲ್ಲಿ ಕೊಡು, ಬೆನ್ನಿಗೆ. ಹಾಂ. ಮೊದಲಿಂದ ಹೇಳ್ತೀನಿ ಕೇಳು.

ನನ್ನ ಮಗ ಹುಟ್ಟಾ ಪುಕ್ಕಲ. ಕುಕ್ಕರ್ ಕೂಗಿದ್ರೆ ಎದ್ದು ನಿಲ್ತಾನೆ. ಕನ್ನಡಕದ ಅಂಗಡಿ ಇಟ್ಟಿದ್ದೂ ಅದಕ್ಕೇ ಇರ್ಬೇಕು. ಗಿರಾಕಿ ಕನ್ನಡಕ ತೆಗೆದು ಕೈಗೆ ಕೊಟ್ಟಮೇಲೆ ಅವರಿಗೆ ಇವನ ಮುಖ ಕಾಣಲ್ವಲ್ಲ, ಅದೊಂದು ಧೈರ್ಯ. ಇಂಥವನಿಗೆ ಸಂಗೀತದ ಹುಚ್ಚು. ಕೋಣೆ ತುಂಬಾ ಆ ಅಗಲದ ಕಪ್ಪು ರೆಕಾರ್ಡುಗಳು. ಒಂದೊಂದನ್ನೂ ಕೂಸಿಗೆ ಸ್ನಾನ ಮಾಡಿಸಿದ ಹಾಗೆ ಒರೆಸ್ತಾನೆ. (ನಿಜವಾದ ಕೂಸನ್ನ ಒರೆಸಿದವಳು ನಾನು, ಅದು ಬೇರೆ ಮಾತು.) ಸಾಲದು ಅಂತ ಒಂದಿನ ಬೇಸ್ ಗಿಟಾರು ಹೊತ್ತು ತಂದ. ಸೊಸೆ ತಿರುಗಿಸಿ ಮುರುಗಿಸಿ ನೋಡಿದ್ಲು.

"ರೀ, ಎಲ್ಲರ ಗಿಟಾರಿಗೂ ಆರು ತಂತಿ. ನಿಮ್ಮದಕ್ಕೆ ನಾಲ್ಕೇ ಯಾಕೆ?"

"ಬೇಸ್ ಅಂದ್ರೆ ನಾಲ್ಕೇ ಕಣೇ."

"ನಿಮ್ಮ ಮುಖ ನೋಡಿದ ಕೂಡಲೇ ಅಂಗಡಿಯವನಿಗೆ ಗೊತ್ತಾಗಿರುತ್ತೆ, ಎರಡು ತೆಗೆದಿಟ್ಕೊಂಡ್ರೂ ಇವರು ಕೇಳಲ್ಲ ಅಂತ."

ಹಲ್ಲಿನ ಡಾಕ್ಟರು, ಕಟಿಂಗ್ ಶಾಪಿನವನು, ಇವನು, ಮೂರು ಜನ ಸೇರಿ ಬ್ಯಾಂಡ್ ಕಟ್ಟಿದ್ರು. ಎರಡು ತಿಂಗಳು ಬಿಟ್ಟು ಒಂದು ಶನಿವಾರ ಸಂಜೆ ಟೌನ್ ಹಾಲ್‌ನಲ್ಲಿ, ಜನರೆದುರು, ಮೊಟ್ಟಮೊದಲ ಕಾರ್ಯಕ್ರಮ ಅಂತ ನಿಗದಿ ಆಯ್ತು. ಅದಕ್ಕೆ ಇವನು ದಿನಾ ಆರಕ್ಕೆ ಅಂಗಡಿಯಿಂದ ಬಂದು, ಸೂಟ್‌ಕೇಸಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ನೆಲದ ಮೇಲಿಟ್ಟು, ಬಾಗಿಲು ಹಾಕ್ಕೊಂಡು ಒಂದು ಗಂಟೆ ಬಾರಿಸೋದು. ಬೇಸ್ ಅನ್ನೋದು ಕಿವಿಯಿಂದ ಬರೋದಲ್ಲಮ್ಮ, ಕಾಲಿಂದ ಹತ್ತಿ ಬರೋದು. ನನ್ನ ಲೋಟದ ನೀರು ನಡುಗೋದು ನೋಡ್ಕೊಂಡು ಇವನು ಎಷ್ಟನೇ ಹಾಡಲ್ಲಿದ್ದಾನೆ ಅಂತ ಹೇಳ್ತಿದ್ದೆ ನಾನು.

ಕೆಳಗಿನ ಮನೇಲಿ ರಿಟೈರ್ಡ್ ಹೆಡ್‌ಮಾಸ್ಟರು. ಬೇರೆ ಯಾರೋ ಅಲ್ಲ, ನನ್ನ ಮಗನಿಗೇ ಲೆಕ್ಕ ಕಲಿಸಿದವರು. ಅವರನ್ನ ಮೆಟ್ಟಿಲ ಮೇಲೆ ಕಂಡ್ರೆ ಇವತ್ತಿಗೂ ಷರ್ಟಿನ ಮೇಲಿನ ಗುಂಡಿ ಹಾಕ್ಕೊಳ್ತಾನೆ. ಮೇಷ್ಟ್ರಿಗೆ ಕಿವಿ ಪೂರ್ತಿ ಮಂದ. ಕಿವಿಗೆ ಹಾಕೋ ಮಿಷಿನ್ ಇದೆ, ಹೆಂಡತಿ ಮಾತಾಡೋವಾಗ ಸಹಿಸೋಕಾಗಲ್ಲ ಅಂತ ತೆಗೆದಿಡ್ತಾರೆ. ಆಕೆ ಸಂಜೆ ವಾಕಿಂಗ್ ಹೋದ್ರೆ, ಇನ್ನು ಯಾರ ಮಾತು ಕೇಳ್ಬೇಕು ಅಂತ ತೆಗೆದಿಡ್ತಾರೆ.

ಕಾರ್ಯಕ್ರಮದ ವಾರ, ಸೋಮವಾರ, ಮೆಟ್ಟಿಲ ಮೇಲೆ ಇವನನ್ನ ತಡೆದ್ರು.

"ಏನೋ, ನಿಂತ್ಕೋ. ನನ್ನ ಆಟ ಮುಗೀತಾ ಬಂತು ಕಣೋ. ಆರಾಗ್ತಿದ್ದ ಹಾಗೆ ಎದೆಯೊಳಗೆ ಧುಂ, ಧುಂ, ಧುಂ. ಏಳಕ್ಕೆ ನಿಲ್ಲುತ್ತೆ. ಬೆಳಿಗ್ಗೆ ಡಾಕ್ಟರ ಹತ್ರ ಹೋದ್ರೆ ಏನೂ ಇಲ್ಲ ಅಂತಾರೆ. ಬಡಿದ್ರೆ ಬಡೀಲಿ, ಮಧ್ಯೆ ತಪ್ಪುತ್ತೆ. ದಿನಾ ಅದೇ ಜಾಗದಲ್ಲಿ ತಪ್ಪುತ್ತೆ."

ಆ ಜಾಗ ಯಾವುದು ಅಂತ ನನ್ನ ಮಗನಿಗೆ ಚೆನ್ನಾಗಿ ಗೊತ್ತು. ಎರಡನೇ ಹಾಡಿನ ಕೊನೇಲಿ ಬೆರಳು ಸರಕ್ಕನೆ ಹಿಂದಕ್ಕೆ ಹಾರಬೇಕು. ಹಾರಲ್ಲ.

ಮೇಲೆ ಬಂದವನ ಮುಖ ಸುಣ್ಣ ಬಳಿದ ಹಾಗಿತ್ತು. "ಅಮ್ಮಾ, ನಾನು ಕೊಲೆಗಾರ" ಅಂದ.

"ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳಿ" ಅಂದ್ಲು ಸೊಸೆ. ಎಲ್ಲ ಕೇಳಿದ ಮೇಲೆ, "ಇಷ್ಟೇನಾ? ಹೋಗಿ, ಅದು ಹೃದಯ ಅಲ್ಲ ಸರ್, ನಾನು ಅಂತ ಹೇಳ್ಬಿಡಿ" ಅಂದ್ಲು.

"ಬೆಂಚ್ ಮೇಲೆ ನಿಲ್ಲಿಸ್ತಾರೆ."

"ನಿಮ್ಮ ತೂಕಕ್ಕೆ ಯಾವ ಬೆಂಚ್ ತಡೆಯುತ್ತೆ?"

"ತಮಾಷೆ ಅಲ್ಲ ಕಣೇ. ಹೇಳಿದ ಆಘಾತಕ್ಕೇ ಅವರಿಗೆ ಏನಾದ್ರೂ ಆದ್ರೆ?"

ಕೊನೆಗೆ ಬಾರಿಸೋದನ್ನೇ ನಿಲ್ಲಿಸ್ತೀನಿ ಅಂದ. ಮಾರನೇ ದಿನ ಆರಕ್ಕೆ ಎರಡೂ ಕೈ ತೊಡೆ ಕೆಳಗಿಟ್ಕೊಂಡು ಸೋಫಾ ಮೇಲೆ ಕೂತ. ಮನೆಯೆಲ್ಲ ಗಪ್‌ಚಿಪ್. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದ್ರು. ತೆಗೆದು ನೋಡಿದ್ರೆ ಮೇಷ್ಟ್ರು, ಗೋಡೆ ಹಿಡ್ಕೊಂಡು ನಿಂತಿದ್ದಾರೆ.

"ನಿಂತೋಯ್ತು" ಅಂದ್ರು. "ಆರು ದಾಟಿತು. ಬಡೀತಾನೇ ಇಲ್ಲ."

"ನಿಂತಿದ್ರೆ ಮೆಟ್ಟಿಲು ಹೇಗೆ ಹತ್ತಿದ್ರಿ ಸರ್?" ಅಂದ್ಲು ಸೊಸೆ.

"ಹೌದಮ್ಮ, ನನಗೂ ಹಾಗೇ ಅನ್ಸುತ್ತೆ."

ನೀನು ನಗ್ತೀಯ. ಆಗ ನಮ್ಮಲ್ಲಿ ಯಾರೂ ನಗಲಿಲ್ಲ. ಅವರ ತುಟಿ ಬಣ್ಣ ಕಳ್ಕೊಂಡಿತ್ತು, ಹಣೆ ಮೇಲೆ ತಣ್ಣನೆ ಬೆವರು. ಏನೂ ಇಲ್ಲದೆ ಬರೀ ಭಯಕ್ಕೇ ಮನುಷ್ಯ ಹೋಗಿಬಿಡಬಹುದು ಕಣೇ. ನನ್ನ ಮಗ ಒಳಗೆ ಓಡಿದ, ಬಾಗಿಲು ಹಾಕಿದ, ಬಾರಿಸಿದ. ಮೇಷ್ಟ್ರು ಸೋಫಾ ಮೇಲೆ ಕೂತು ಎದೆ ಮುಟ್ಟಿ ನೋಡ್ಕೊಂಡ್ರು.

"ಬಂತು. ಬಂತು ಕಣಮ್ಮ. ನಿಮ್ಮನೆ ಗಾಳೀಲೇ ಏನೋ ಇದೆ."

ಅಲ್ಲಿಗೆ ಇವನು ಸಿಕ್ಕಿಹಾಕ್ಕೊಂಡ. ಬಾರಿಸಿದ್ರೆ ಮೇಷ್ಟ್ರಿಗೆ ಕಾಯಿಲೆ, ನಿಲ್ಲಿಸಿದ್ರೆ ಸಾವು. ಶನಿವಾರ ಆರಕ್ಕೆ ಇವನು ಹಾಲ್‌ನಲ್ಲಿರ್ತಾನೆ, ಇಲ್ಲಿ ಅವರ ಪ್ರಾಣ ಕಾಯೋರು ಯಾರು? ಊಟ ಬಿಟ್ಟ. ಅಂಗಡೀಲಿ ಯಾರದೋ ಓದೋ ಕನ್ನಡಕ ಇನ್ಯಾರಿಗೋ ಕೊಟ್ಟು ಕಳಿಸಿದ. ಶುಕ್ರವಾರ, ಕಾರ್ಯಕ್ರಮಕ್ಕೆ ಬರಲ್ಲ ಅಂತ ಹಲ್ಲಿನ ಡಾಕ್ಟರಿಗೆ ಫೋನ್ ಮಾಡೋಕೆ ಹೊರಟ. ಎರಡು ತಿಂಗಳ ಆಸೆ ಅದು.

ಸೊಸೆ ಫೋನ್ ಕಿತ್ಕೊಂಡ್ಲು. "ಅವರನ್ನೂ ಕರ್ಕೊಂಡು ಹೋಗಿ. ನೀವೆಲ್ಲಿರ್ತೀರೋ ಅವರ ಹೃದಯ ಅಲ್ಲೇ ಇರ್ಲಿ."

"ಏನು ಹೇಳಿ ಕರೀಲಿ?"

"ಕರೆದಾಗಿದೆ. ಎರಡು ಪಾಸ್ ಕೊಟ್ಟು ಬಂದೆ. ಹೇಗೂ ಹೋಗೋ ಜೀವ, ನಾಲ್ಕು ಜನರ ಮಧ್ಯೆ ಹೋಗ್ಲಿ ಅಂದ್ರು."

ಮೊದಲ ಸಾಲಲ್ಲಿ ನಾನು, ಮೇಷ್ಟ್ರು, ಅವರ ಹೆಂಡತಿ, ಸೊಸೆ. ಸ್ಟೇಜ್ ಮೇಲೆ ನನ್ನ ಮಗ, ಗಿಟಾರಿನ ಹಿಂದೆ ಅವಿತುಕೊಂಡ ಹಾಗೆ. ಅಲ್ಲಿನ ಸ್ಪೀಕರ್ ಒಂದೊಂದೂ ನಮ್ಮ ಬೀರುವಿನಷ್ಟು. ಮೊದಲ ಏಟಿಗೇ ನನ್ನ ಹಲ್ಲಿನ ಸೆಟ್ ಅಲ್ಲಾಡಿತು. ಮೇಷ್ಟ್ರು ನನ್ನ ಮಣಿಕಟ್ಟು ಹಿಡ್ಕೊಂಡ್ರು. ಅದನ್ನ ನೋಡಿ ಇವನು ಹೆದರಿ ಮೆಲ್ಲಗೆ ಬಾರಿಸಿದ, ಮೇಷ್ಟ್ರ ಮುಖ ಬಿಳಿಚಿತು. ಜೋರಾಗಿ ಬಾರಿಸಿದ, ಕಣ್ಣು ಅಗಲ ಆಯ್ತು. ಮತ್ತೆ ಮೆಲ್ಲಗೆ. ಕಟಿಂಗ್ ಶಾಪಿನವನು ಡ್ರಮ್ಸ್ ಹಿಂದಿಂದ ಕಣ್ಣಲ್ಲೇ ಬೈತಿದ್ದ. ಅಷ್ಟರಲ್ಲಿ ಮೇಷ್ಟ್ರು ಇವನ ಬೆರಳು ನೋಡಿದ್ರು. ತಮ್ಮ ಎದೆ ಮುಟ್ಕೊಂಡ್ರು. ಮತ್ತೆ ಬೆರಳು ನೋಡಿದ್ರು.

ಎರಡನೇ ಹಾಡಿನ ಕೊನೇಲಿ ಬೆರಳು ಹಾರಲಿಲ್ಲ. ಮೇಷ್ಟ್ರು ಎದ್ದು ನಿಂತ್ರು.

"ನಿಲ್ಸು."

ಬ್ಯಾಂಡಿಗೆ ಬ್ಯಾಂಡೇ ನಿಂತಿತು. ನನ್ನ ಮಗ ಷರ್ಟಿನ ಗುಂಡಿ ಹಾಕ್ಕೊಂಡು ಮುಂದೆ ಬಂದ. ಮೇಷ್ಟ್ರು ಜೇಬಿಂದ ಮಿಷಿನ್ ತೆಗೆದು ಕಿವಿಗಿಟ್ಕೊಂಡ್ರು.

"ಎಷ್ಟು ದಿನದಿಂದ?"

"ಎರಡು ತಿಂಗಳು ಸರ್."

"ಎರಡು ತಿಂಗಳು ನನ್ನ ಎದೆಯೊಳಗೆ ಅಭ್ಯಾಸ ಮಾಡಿದ್ದೀಯ. ಆದ್ರೂ ತಪ್ಪು. ಮೊದಲಿಂದ ಬಾರಿಸು."

ತುಂಬಿದ ಸಭೇಲಿ ಅದೊಂದು ಸಾಲು ಬರೋವರೆಗೂ ಬಿಡಲಿಲ್ಲ ನೋಡು. ಸರಿಯಾಗಿ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ಮೇಷ್ಟ್ರಿಗೆ.

ಬದುಕಿದೆ ಅಂತ ಮನೆಗೆ ಬಂದ ನನ್ನ ಮಗ. ಎಲ್ಲಿ ಬದುಕ್ತಾನೆ? ಮಾರನೇ ದಿನದಿಂದ ಆರಕ್ಕೆ ಗಿಟಾರು ಹೊತ್ಕೊಂಡು ಕೆಳಗೆ ಹೋಗಬೇಕು ಅಂತ ಆಜ್ಞೆ. ಮೇಷ್ಟ್ರು ಮೊದಲು ಆ ಹಾಡಿನ ರೆಕಾರ್ಡ್ ಹಾಕಿಸಿ, ಸ್ಪೀಕರ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಪೂರ್ತಿ ಹೀರ್ಕೊಳ್ತಾರೆ. ಆಮೇಲೆ ಇವನ ಸರದಿ. ಎಲ್ಲಿ ಬೇರೆ ಆಯ್ತೋ ಅಲ್ಲಿ ಅಡಿಪಟ್ಟಿ ಮೇಜಿಗೆ ಬಡೀತಾರೆ. ಅವರು ಎರಡು ಸುತ್ತು ದಪ್ಪ ಆಗಿದ್ದಾರೆ. ಇವನು ಸೊರಗಿ ಬೆಲ್ಟಿಗೆ ಹೊಸ ತೂತು ಬೇಕಾಗಿದೆ.

ಇವತ್ತು ನೋಡು, ಅವಸರದಲ್ಲಿ ರೆಕಾರ್ಡ್ ಇಲ್ಲೇ ಬಿಟ್ಟು ಹೋಗಿದ್ದಾನೆ. ಆ ನೀಲಿ ಹೊದಿಕೆಯದು, ಅದೇ. ಅಂಚು ಹಿಡ್ಕೊಂಡು ಕೆಳಗೆ ಕೊಟ್ಟು ಬಾ ನನ್ನ ತಾಯಿ. ಮರೆತು ಬಂದಿದ್ದಕ್ಕೆ ಬಾಗಿಲ ಹೊರಗೆ ನಿಲ್ಲಿಸಿರ್ತಾರೆ, ಅವನ ಕೈಗೇ ಕೊಡು. ಒಳಗೆ ಮಾತ್ರ ಹೋಗ್ಬೇಡ, ನಿನಗೂ ಒಂದು ಲೆಕ್ಕ ಕೊಟ್ಟು ಕೂರಿಸ್ತಾರೆ.