ಪಾಲಾದ ಶ್ರುತಿ

ತನ್ನ ಹೊಸ ಯಂತ್ರಕ್ಕೆ ಪುಂಡಲೀಕ ತಾನೇ ಅರಿಶಿನ ಕುಂಕುಮ ಹಚ್ಚಿದ. ಹಿಂದಿನ ಏಳು ಯಂತ್ರಗಳಿಗೂ ಹಚ್ಚಿದ್ದ. ಅವೆಲ್ಲ ಈಗ ಅಟ್ಟದ ಮೇಲಿದ್ದವು.

ಧಾರವಾಡದ ಅವರ ಓಣಿಯ ಹೆಂಗಸರ ಭಜನಾ ಮಂಡಳಿ ಅಂದು ಅವನ ಪಡಸಾಲೆಯಲ್ಲೇ ಸೇರಿತ್ತು. ಮುಂದಾಳಾಗಿ ಹಾಡುತ್ತಿದ್ದ ಅವನ ಅಕ್ಕ ಅಂಬಕ್ಕನಿಗೆ ಜ್ವರ ಬಂದುಹೋದ ಮೇಲೆ ದನಿ ದಪ್ಪವಾಗಿ, ಮೇಲಿನ ಸ್ವರ ಹತ್ತುವಾಗ ಜಾರುತ್ತಿತ್ತು. ಇಂದು ಯಂತ್ರದ ಶ್ರುತಿಗೆ ಯಾರು ನಿಲ್ಲುತ್ತಾರೋ ಅವರೇ ಮುಂದಾಳು ಎಂದು ಅಧ್ಯಕ್ಷೆ ನೀಲಗಂಗಾಬಾಯಿ ಸಾರಿದ್ದರು. ತಾವೇ ನಿಲ್ಲುವವರೆಂಬ ಭರವಸೆ ಅವರಿಗಿತ್ತು. ಶ್ರುತಿ ಗಟ್ಟಿಯಾಗಿದ್ದರೆ ಅಕ್ಕನೂ ಗಟ್ಟಿ ಎಂಬುದು ಪುಂಡಲೀಕನ ಸಿದ್ಧಾಂತ.

ಯಂತ್ರವೆಂದರೆ ತಂತಿಯಿಂದ ಜೋಡಿಸಿದ ಡಬ್ಬಿಗಳು. ಮೊದಲನೆಯದು ತಾನು ಹಾಡದು. ಸ್ವರ ಎಷ್ಟು ಎತ್ತರವಿರಬೇಕೆಂದು ವಿದ್ಯುತ್ತಿನಲ್ಲಿ ಅಪ್ಪಣೆ ಕೊಡುತ್ತದೆ, ಉಳಿದವು ಒಂದೊಂದು ವಾದ್ಯದ ದನಿಯಲ್ಲಿ ನುಡಿಯುತ್ತವೆ. ಅದರ ತಂತಿಯನ್ನು ಮೊದಲು ತಂಬೂರಿ ಡಬ್ಬಿಗೆ ಸಿಕ್ಕಿಸಿದ. ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯ ಸ್ವರ, ಮಂಡಳಿಯ ಶ್ರುತಿ, ಕೂದಲೆಳೆ ತಪ್ಪದೆ ನುಡಿಯಿತು. ಎಲ್ಲರೂ ತಲೆದೂಗಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಪುಂಡಲೀಕನೇ ಅಲ್ಲ.

ಭಜನೆ ಶುರುವಾಯಿತು. ಅದೇ ತಂತಿಯನ್ನು ಕವಲೊಡೆಸಿ ಸಾರಂಗಿ ಡಬ್ಬಿಗೂ ಕೊಟ್ಟ. ಶ್ರುತಿ ಒಂದು ಮನೆ ಇಳಿಯಿತು. ಆ ನಾಚಿಕೆ ಮುಚ್ಚಲು ಕೊಳಲು ಸಿಕ್ಕಿಸಿದ. ಇನ್ನೆರಡು ಮನೆ ಇಳಿಯಿತು. ಅದನ್ನು ಮುಚ್ಚಲು ಶಹನಾಯಿ! ನಾಲ್ಕನೆಯ ಡಬ್ಬಿಗೆ ನೀಲಗಂಗಾಬಾಯಿಯವರ ದನಿ ಬರಿಯ ಉಸಿರಾಯಿತು. ಎಂಟನೆಯದಕ್ಕೆ ಎಲ್ಲ ವಾದ್ಯಗಳೂ ಒಕ್ಕೊರಲಿನಿಂದ ಗುಂಯ್‌ಗುಟ್ಟಿ, ಗೂಡಿನ ತಂಬಿಗೆಗಳು ನಡುಗಿದವು, ಓಣಿಯ ತುದಿಯಿಂದ ಎಮ್ಮೆಯೊಂದು ಓಗೊಟ್ಟಿತು. ಆ ಪಾತಾಳದಲ್ಲಿ ಹಾಡುತ್ತಿದ್ದವಳು ಅಂಬಕ್ಕ ಒಬ್ಬಳೇ. ಹತ್ತುವ ಗೊಡವೆಯಿಲ್ಲದ ಮೇಲೆ ಜಾರುವುದೆಲ್ಲಿಂದ? ಭಜನೆಯ ಮೂರೂ ನುಡಿಗಳನ್ನು ಮುಗಿಸಿದಳು.

ಪುಂಡಲೀಕ ತಲೆತಗ್ಗಿಸಿ ತಪ್ಪೊಪ್ಪಿಕೊಂಡ. ಅಪ್ಪಣೆಯನ್ನು ನಕಲು ಮಾಡಿ ಹಂಚಬೇಕಿತ್ತು, ತಾನು ಪಾಲು ಹಾಕಿಬಿಟ್ಟಿದ್ದ. ಪ್ರತಿ ಡಬ್ಬಿಯೂ ಅದರಿಂದ ಒಂದೊಂದು ತುತ್ತು ತಿಂದಿತ್ತು.

“ಅಪ್ಪನ ಹೊಲಾನೂ ಹಿಂಗ ಕರಗಿತಲ್ಲೋ,” ಎಂದಳು ಅಕ್ಕ.

ನೀಲಗಂಗಾಬಾಯಿ ಗಂಟಲು ಸರಿಮಾಡಿಕೊಂಡರು. “ಇನ್ನ ನೀವ ಮುಂದ ಹಾಡ್ರಿ ಅಂಬಕ್ಕಾರ. ಅಷ್ಟ ಕೆಳಗ ಇಳಿಯೂದು ನಮ್ಮ ಕೈಲಿ ಆಗೂದಿಲ್ಲ.”

ನಕಲು ಮಾಡುವ ಡಬ್ಬಿಯನ್ನು ನಾಳೆಯೇ ಮಾಡುತ್ತೇನೆ, ಶ್ರುತಿ ಇನ್ನೆಂದೂ ಇಳಿಯದು ಎನ್ನುತ್ತ ಪುಂಡಲೀಕ ಉತ್ಸಾಹದಿಂದ ಎದ್ದ. ಅಕ್ಕ ಅವನ ಅಂಗಿ ಹಿಡಿದೆಳೆದಳು.

“ಕೂಡಪಾ. ಬರೋಬರಿ ಆದದ್ದನ್ನ ಮತ್ತ ಸರಿಮಾಡಬ್ಯಾಡ.”