ಮೇಷ್ಟ್ರನ್ನು ನಿಲ್ಲಿಸದ ಅಕ್ಕ

ನಮ್ಮಕ್ಕನಷ್ಟು ವಿಧೇಯ ವಿದ್ಯಾರ್ಥಿನಿ ಇಡೀ ಚಾಮರಾಜಪೇಟೆಯಲ್ಲಿ ಇಲ್ಲ. ಮೊಬೈಲಿಗೆ ಎದ್ದು ನಿಂತು ನಮಸ್ಕಾರ ಮಾಡುವ ಇನ್ನೊಬ್ಬರಿದ್ದರೆ ತೋರಿಸಿ, ಕಾಫಿ ನನ್ನದು.

ಅವಳಿಗೆ ಎಪ್ಪತ್ತೊಂದು, ನನಗೆ ಅರವತ್ತಾರು. ಒಂಬತ್ತನೇ ಕ್ಲಾಸಿನಲ್ಲಿ ಅವಳು ಶಾಲೆ ಬಿಟ್ಟಿದ್ದು ನನ್ನಿಂದ. ನನಗೆ ಟೈಫಾಯ್ಡ್, ಅಮ್ಮ ಬಾಣಂತಿ. ನೋಡಿಕೊಳ್ಳಲು ಇವಳೇ ಬೇಕಾಯಿತು. ಎರಡು ತಿಂಗಳಿಗೆ ನಾನು ಎದ್ದೆ, ಅವಳ ಶಾಲೆ ಏಳಲಿಲ್ಲ. ಈಗ ಮನೆಯಿಂದಲೇ ಹತ್ತನೇ ಕ್ಲಾಸಿಗೆ ಕಟ್ಟಿದ್ದಾಳೆ. ಮಾರ್ಚಿನಲ್ಲಿ ಪರೀಕ್ಷೆ. ಭಯವೆಲ್ಲ ಗಣಿತದ್ದು.

ಹತ್ತಕ್ಕೆ ಲೈವ್ ಕ್ಲಾಸೆಂದರೆ ಒಂಬತ್ತೂವರೆಗೇ ಗಂಜಿ ಹಾಕಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು ತಯಾರು. ಕ್ಯಾಮೆರಾ ಮಾತ್ರ ಆಫ್.

"ಮಲ್ಲಿಗೆ ಯಾರು ನೋಡ್ಲಿ ಅಂತ?" ಎಂದೆ.

"ಮೇಷ್ಟ್ರಿಗೆ ಕಾಣ್ದಿದ್ರೇನು, ನನಗೆ ಗೊತ್ತಿರತ್ತಲ್ಲ."

ಅರ್ಥವಾಗದಿದ್ದರೂ ಕೇಳುವುದಿಲ್ಲ; ಪರದೆ ತುಂಬ ಮೊಮ್ಮಕ್ಕಳ ವಯಸ್ಸಿನವರು. ಒಂದು ದಿನ ನಾನೇ ಮೈಕ್ ಒತ್ತಿ ಅವಳ ದನಿಯಲ್ಲಿ, "ಇನ್ನೊಂದ್ಸಲ ಹೇಳಿ ಸಾರ್" ಎಂದೆ. ಮೇಷ್ಟ್ರು ಹೇಳಿದರು. ನನ್ನ ಮಿಮಿಕ್ರಿ ಅಂಥದ್ದು. ಅಕ್ಕ ಎರಡು ದಿನ ಕಾಫಿ ಕೊಡಲಿಲ್ಲ, ಆದರೆ ಆ ಲೆಕ್ಕ ಅವಳಿಗೆ ಬಂತು.

ಇನ್ನು ರೆಕಾರ್ಡ್ ಮಾಡಿದ ಪಾಠ. ಬೇಕಾದಾಗ ನಿಲ್ಲಿಸಿ ನೋಡಲಿ ಎಂದೇ ಅದನ್ನು ಮಾಡಿರುವುದು. ಅಕ್ಕ ನಿಲ್ಲಿಸುವುದಿಲ್ಲ.

"ಹಾಲು ಉಕ್ತಿದೆ, ನಿಲ್ಸಿ ಹೋಗಕ್ಕ."

"ಮೇಷ್ಟ್ರು ಮಾತಾಡ್ತಿರೋವಾಗ ಬಾಯಿ ಮುಚ್ಚಿಸ್ತಾರೇನೋ?"

ಹಾಲು ಒಲೆಯ ಪಾಲಾಯಿತು. ಇವಳು ಎರಡು ಸಾಲು ಬರೆಯುವಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕದಲ್ಲಿರುತ್ತಾರೆ. ನೋಟ್‌ಬುಕ್ಕಿನ ತುಂಬ ಅರ್ಧರ್ಧ ಲೆಕ್ಕಗಳು. ಹೀಗಾದರೆ ಪಾಸಾಗುವುದು ಹೇಗೆ?

"ಲೈವ್ ವಾಸಿನೋ, ವಿಡಿಯೋನೋ?" ಎಂದು ಕೇಳಿದೆ.

"ಲೈವಲ್ಲಿ ಮೇಷ್ಟ್ರಿರ್ತಾರೆ, ನನಗೆ ಧೈರ್ಯ ಇರಲ್ಲ. ವಿಡಿಯೋದಲ್ಲಿ ಧೈರ್ಯ ಇರತ್ತೆ, ಮೇಷ್ಟ್ರಿರಲ್ಲ. ವಾಟ್ಸಾಪಲ್ಲಿ ದನಿ ಕಳಿಸ್ತಾರಲ್ಲ, ಅದೇ ಇಷ್ಟ ಕಣೋ. ಹಿಂದೆ ಅವರ ಮನೆ ಕುಕ್ಕರ್ ಕೂಗತ್ತೆ."

ಬಳೇಪೇಟೆಯ ವ್ಯಾಪಾರಿಗಳನ್ನೇ ಏಮಾರಿಸಿದವನು ನಾನು. ಅಕ್ಕನ ಬೆರಳನ್ನು ಪಾಠ ನಿಲ್ಲಿಸುವ ಗುಂಡಿಯ ಮೇಲೆ ತರಲಾರೆನೆ? ಮೊನ್ನೆ ಪಾಠದ ನಡುವೆ, ಚಕ್ಕುಲಿ ಗಂಟಲಿಗೆ ಸಿಕ್ಕವನಂತೆ ಕೆಮ್ಮಿ, ಕಣ್ಣು ಮೇಲೆ ಮಾಡಿದೆ.

ಅಕ್ಕ ಥಟ್ಟನೆ ಮೇಷ್ಟ್ರನ್ನು ನಿಲ್ಲಿಸಿದಳು. ಬೆನ್ನು ನೀವಿದಳು, ನೀರು ಕುಡಿಸಿದಳು. ಜ್ವರವಿದೆಯೇನೋ ಎಂಬಂತೆ ಹಣೆ ಮುಟ್ಟಿ ನೋಡಿದಳು. ಗೆದ್ದೆನೆಂದು ನಗಬೇಕಿತ್ತು, ನಗು ಬರಲಿಲ್ಲ.

"ಸರಿಹೋಯ್ತು, ಪಾಠ ಹಾಕು."

"ಸುಧಾರಿಸ್ಕೊಳ್ಳೋ. ಮೇಷ್ಟ್ರು ಕಾಯ್ತಾರೆ."

ಪರದೆಯಲ್ಲಿ ಮೇಷ್ಟ್ರು ಸೀಮೆಸುಣ್ಣ ಎತ್ತಿ, ಬಾಯಿ ತೆರೆದು, ಕಾಯುತ್ತಿದ್ದರು. ಟೈಫಾಯ್ಡಿನ ವರ್ಷ ಯಾವ ಮೇಷ್ಟ್ರೂ ಕಾದಿರಲಿಲ್ಲ.

ಈಗ ಒಂದೊಂದು ಲೆಕ್ಕಕ್ಕೂ ಸಣ್ಣಗೆ ಕೆಮ್ಮುತ್ತೇನೆ. ಅಕ್ಕ ಪಾಠ ನಿಲ್ಲಿಸಿ, ಫ್ಲಾಸ್ಕಿನಿಂದ ಜೀರಿಗೆ ಕಷಾಯ ಬಗ್ಗಿಸಿಕೊಡುತ್ತಾಳೆ. ಅದು ಆರುವಷ್ಟರಲ್ಲಿ ಅವಳ ಲೆಕ್ಕ ಪೂರ್ತಿಯಾಗಿರುತ್ತದೆ. ಮಾರ್ಚಿನವರೆಗೆ ಈ ಕೆಮ್ಮು ವಾಸಿಯಾಗುವ ಹಾಗಿಲ್ಲ.